ಸಿಹಿ ಹೆಚ್ಚು

ಗಂಡ ಚಹಾದ ಲೋಟವನ್ನು ಮೇಜಿನ ಮೇಲೆ ಇಟ್ಟ ರೀತಿಯಲ್ಲೇ ಏನೋ ಇದೆ ಎಂದು ಅವಳಿಗೆ ಅನ್ನಿಸಿತು. ಇಟ್ಟವನು ಹೋಗಬೇಕಲ್ಲ, ಹೋಗಲಿಲ್ಲ. ಕಿಟಕಿಯ ಕಡೆ ನೋಡುವವನ ಹಾಗೆ ಮುಖ ಮಾಡಿಕೊಂಡು, ಅವಳು ಮೊದಲ ಗುಟುಕು ಕುಡಿಯುವುದನ್ನು ಓರೆಗಣ್ಣಿನಲ್ಲಿ ಕಾಯುತ್ತ ನಿಂತಿದ್ದ. ಸಕ್ಕರೆಯಿಲ್ಲದ ಚಹಾಕ್ಕೆ ಇವಳ ಮುಖ ಹೇಗೆ ಹಿಂಡಿಕೊಳ್ಳುತ್ತದೆ ಎಂದು ನೋಡುವ ಚಪಲವೋ, ಇಲ್ಲ ಕರುಣೆಯೋ. ಎರಡೂ ಅವಳಿಗೆ ಬೇಡವಾಗಿತ್ತು. ಮುಖದ ಒಂದು ಗೆರೆಯೂ ಅಲುಗದಂತೆ ಕುಡಿದಳು. ನಿಜ ಹೇಳಬೇಕೆಂದರೆ ಈಚೆಗೆ ಈ ಚಹಾ ಅವಳಿಗೆ ಕಹಿಯಾಗುತ್ತಿರಲಿಲ್ಲ. ಹಾಲಿನಲ್ಲೇ ಏನೋ ಒಂದು ಸಿಹಿ ನಾಲಿಗೆಯ ತುದಿಗೆ ತಾಗುತ್ತಿತ್ತು. ಅದು ತಾಗಿದ ಕೂಡಲೇ ಇವನು ಪಾಪ ಎಂದು ಕದ್ದು ಅರ್ಧ ಚಮಚ ಹಾಕಿರಬಹುದು ಎಂಬ ಅನುಮಾನ ಬಂತು.

“ಏನ್ ಹಾಕಿದೀರಿ ಇದಕ್ಕೆ?”

“ಹಾಲು, ನೀರು, ಟೀ ಪುಡಿ. ಇನ್ನೇನ್ ಹಾಕ್ಲಿ, ವಿಷಾನಾ?”

“ಸಕ್ಕರೆ ಡಬ್ಬ ಎಲ್ಲಿ ಇಟ್ಟಿದೀರಿ?”

“ಹೇಳಲ್ಲ” ಎಂದ ಅವನು, ಮಕ್ಕಳಿಗೆ ಹೇಳುವಂತೆ, ಮತ್ತು ನಕ್ಕ. ಅವನಿಗೆ ಈ ಹತ್ತು ವಾರಗಳಿಂದ ಒಂದು ಹೊಸ ಉತ್ಸಾಹ ಬಂದುಬಿಟ್ಟಿತ್ತು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಅವನದು. ಡಾಕ್ಟರು ಕೊಟ್ಟ ಊಟದ ಪಟ್ಟಿಯನ್ನು ಅಂಗಡಿಗೆ ಒಯ್ದು, ಅಂಚು ಕತ್ತರಿಸಿ, ರಟ್ಟಿಗೆ ಅಂಟಿಸಿ, ಸುತ್ತ ನೀಲಿ ಬಟ್ಟೆಯ ಪಟ್ಟಿ ಕೂರಿಸಿ, ದೇವರ ಪಟದ ಹಾಗೆ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಬೇಳೆ ಇಲ್ಲವೇ ಮೊಟ್ಟೆ, ಉಳಿದ ಕಾಲಿನಲ್ಲಿ ಅನ್ನ. ಕಾಯಿಲೆ ಅವಳದು, ಶ್ರದ್ಧೆ ಅವನದು. ದಿನವೂ ಊಟವಾದ ಮೇಲೆ ಅವಳನ್ನು ಎಬ್ಬಿಸಿಕೊಂಡು ಅರ್ಧ ಗಂಟೆ ನಡೆಯುತ್ತಿದ್ದ. ಹತ್ತು ವಾರದಲ್ಲಿ ಅವನ ತೂಕ ಮೂರು ಕೆಜಿ ಇಳಿದಿತ್ತು, ಅವಳದು ಒಂದೇ ಒಂದು ಕೆಜಿ. ತೂಕದ ಯಂತ್ರವನ್ನೂ ಅವಳು ನಂಬುತ್ತಿರಲಿಲ್ಲ. ಇವನು ತನ್ನ ಪಾಲಿನ ಊಟ ಕಮ್ಮಿ ಮಾಡಿ ನನ್ನನ್ನು ನಾಚಿಸುತ್ತಿದ್ದಾನೆ ಎಂದು ಒಂದೊಂದು ದಿನ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕೂತಾಗ ಚೀಲವನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡಳು. ಚೀಲದಲ್ಲಿ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಇತ್ತು, ಅದರ ಕೆಳಗೆ ನಾಲ್ಕು ಮಡಿಕೆಯಾಗಿ ರಕ್ತ ಪರೀಕ್ಷೆಯ ಕಾಗದ. ಮನೆಯಲ್ಲಿಟ್ಟರೆ ಬಂದವರು ಯಾರಾದರೂ ನೋಡಿಯಾರು ಎಂದು ಅದನ್ನು ಜೊತೆಯಲ್ಲೇ ಹೊತ್ತು ತಿರುಗುತ್ತಿದ್ದಳು. ಮೂರು ತಿಂಗಳ ಸರಾಸರಿ ಸಕ್ಕರೆ, ಆರು ಪಾಯಿಂಟ್ ಒಂದು. ಆ ಅಂಕಿಯ ಸುತ್ತ ಡಾಕ್ಟರು ಪೆನ್ನಿನಿಂದ ಒಂದು ಸುತ್ತು ಬರೆದಿದ್ದಳು, ಇವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. “ಇದು ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಬಾಗಿಲ ಹತ್ರ ಬಂದು ನಿಂತಿದೆ ಅಷ್ಟೇ. ಮಾತ್ರೆ ಬೇಡ. ಊಟ ಸರಿ ಮಾಡ್ಕೊಳ್ಳಿ, ನಡೀರಿ, ನಾಲ್ಕೈದು ಕೆಜಿ ಇಳಿಸಿ. ಮೂರು ತಿಂಗಳಾದ್ಮೇಲೆ ಮತ್ತೆ ನೋಡೋಣ.” ಕಾಯಿಲೆ ಅಲ್ಲದಿದ್ದರೆ ಸುತ್ತು ಯಾಕೆ ಬರೆಯಬೇಕು? ಅಷ್ಟೇ ಎನ್ನುವವರು ಯಾವಾಗಲೂ ಏನನ್ನೋ ಬಚ್ಚಿಡುತ್ತಾರೆ. ಕೆಲಸ ಏನು ಎಂದು ಕೇಳಿದಾಗ ಅವಳು ಕಣ್ಣು ಮಿಟುಕಿಸದೆ “ಆಫೀಸಲ್ಲಿ, ಬರೆಯೋ ಕೆಲಸ” ಎಂದುಬಿಟ್ಟಿದ್ದಳು. ಬಿಸ್ಕತ್ತಿನ ಕಾರ್ಖಾನೆಯಲ್ಲಿ ರುಚಿ ನೋಡುವವಳು, ಇಪ್ಪತ್ತಾರು ವರ್ಷದಿಂದ ದಿನಕ್ಕೆ ಮೂವತ್ತು ಬಿಸ್ಕತ್ತು ತಿಂದವಳು ಎಂದು ಹೇಳಿದ್ದರೆ ಆ ಚಿಕ್ಕವಳು ಪೆನ್ನು ಕೆಳಗಿಟ್ಟು ಏನು ಹೇಳುತ್ತಿದ್ದಳೆಂದು ಅವಳಿಗೆ ಗೊತ್ತಿತ್ತು.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು “ನಮಸ್ಕಾರ ರುಚಿ ಮೇಡಂ” ಎಂದ. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಗೇ. ಇವತ್ತು ಅವನ ದನಿಯಲ್ಲಿ ಒಂದು ಎಳೆ ಹೆಚ್ಚು ಮರ್ಯಾದೆ ಇತ್ತೇ, ಕಮ್ಮಿ ಇತ್ತೇ? ಗೇಟಿನ ಪಕ್ಕ, ಹಾಜರಿ ಹಾಕುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಮೇಸ್ತ್ರಿ ಕೂತಿದ್ದ. ಅವಳು ನೋಡದವಳ ಹಾಗೆ ನಡೆದಳು, ಆದರೆ ಎಲ್ಲವನ್ನೂ ನೋಡಿದ್ದಳು. ಇಸ್ತ್ರಿ ಮಾಡಿದ ಅಂಗಿ, ಯಂತ್ರದ ಸದ್ದಿಗೆಂದು ಕಿವಿಯಲ್ಲಿ ಸದಾ ಇಟ್ಟುಕೊಳ್ಳುವ ಹತ್ತಿ ಇವತ್ತೂ ಇದ್ದುದು, ಮಂಡಿಯ ಮೇಲೆ ಮಗುಚಿಟ್ಟ ಎರಡು ದಪ್ಪ ಕೈಗಳು. ಹಿಟ್ಟು, ಎಣ್ಣೆ, ಸಕ್ಕರೆ ತೂಗಿ ಕಲಸುವ ದೊಡ್ಡ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ನಿಂತವನು ಮೂರು ದಿನದಿಂದ ಈ ಬೆಂಚಿನ ಮೇಲೆ ಕೂತಿದ್ದಾನೆ. ಕೂರಿಸಿದವಳು ಅವಳು. ಅವನು ಎದ್ದು ನಿಂತದ್ದು ಬೆನ್ನಿಗೆ ಗೊತ್ತಾಯಿತು. ನಾಟಕ, ಅಂದುಕೊಂಡಳು.

ಅವಳ ಕೋಣೆ ಚಿಕ್ಕದು, ಬಿಳಿ ಹೆಂಚಿನ ಗೋಡೆ, ಓವನ್ನಿನ ಹಾಲಿಗೂ ಪ್ಯಾಕಿಂಗಿಗೂ ನಡುವೆ. ಒಂದು ಮೇಜು, ಒಂದು ಕುರ್ಚಿ, ಬೆಚ್ಚಗಿನ ನೀರಿನ ಜಗ್ಗು. ಪ್ರತಿ ಬ್ಯಾಚಿನಿಂದ ಮೂರು ಬಿಸ್ಕತ್ತು ಬರಬೇಕು: ಓವನ್ನಿನ ಪಟ್ಟಿಯ ಎಡಗಡೆಯದು, ನಡುವಿನದು, ಬಲಗಡೆಯದು. ಮೊದಲು ಕಿವಿಯ ಹತ್ತಿರ ಹಿಡಿದು ಮುರಿಯುವುದು, ಆಮೇಲೆ ಮೂಗು, ಆಮೇಲೆ ಬಾಯಿ. ಉಗಿದುಬಿಡಬೇಕೆಂದು ನಿಯಮವಿತ್ತು. ಅವಳು ಉಗಿದವಳಲ್ಲ. ಗಂಟಲು ದಾಟಿದ ಮೇಲೆ ಬರುವ ರುಚಿ ಉಗಿಯುವವರಿಗೆ ಏನು ಗೊತ್ತು ಎಂದು ಎಷ್ಟೋ ಸಲ ಹೀಯಾಳಿಸಿದ್ದಳು. ಈಗ ಬಾಗಿಲಿಗೆ ಬೆನ್ನು ಮಾಡಿ, ಆ ಸ್ಟೀಲ್ ಡಬ್ಬಿಯಲ್ಲಿ ಉಗಿದು, ಬಾಯಿ ಮುಕ್ಕಳಿಸಿ, ಮುಚ್ಚಳ ಹಾಕಿ, ಮಧ್ಯಾಹ್ನ ಅದನ್ನು ಕಳ್ಳಿಯ ಹಾಗೆ ಬಚ್ಚಲಿಗೆ ಒಯ್ದು ತೊಳೆದು ತರುತ್ತಿದ್ದಳು. ಒಮ್ಮೆ ಪ್ಯಾಕಿಂಗಿನ ಹೆಂಗಸೊಬ್ಬಳು “ಏನ್ ಮೇಡಂ ಅದು, ನಮಗೂ ಒಂಚೂರು ಕೊಡಿ” ಎಂದು ತಮಾಷೆ ಮಾಡಿದ್ದಳು. ಅವಳಿಗೆ ನಗಲಾಗಲಿಲ್ಲ. ಕಂಡುಬಿಟ್ಟರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗಿಂತ ಮೊದಲು ಈ ಕುರ್ಚಿಯಲ್ಲಿದ್ದ ದೊಡ್ಡವರಿಗೆ ವಾಸನೆ ಹಿಡಿಯುವ ಮೂಗು ಹೋಗಿತ್ತು. ಹೋದದ್ದು ತಿಳಿದ ವಾರದಲ್ಲೇ ಅವರನ್ನು ಡಬ್ಬಗಳಿಗೆ ಚೀಟಿ ಅಂಟಿಸುವಲ್ಲಿಗೆ ಹಾಕಿದರು. ಅವರು ಬಂದರೆ ಎದ್ದು ನಿಲ್ಲುತ್ತಿದ್ದವರು ಆಮೇಲೆ ಅವರ ಕಾಲು ತುಳಿದುಕೊಂಡು ಓಡಾಡಿದರು. ಅವರು ಐದು ವರ್ಷ ಚೀಟಿ ಅಂಟಿಸಿ ನಿವೃತ್ತರಾದರು, ಮತ್ತು ಆ ಐದು ವರ್ಷದಲ್ಲಿ ಒಂದು ಸಲವೂ ಅವಳ ಕೋಣೆಯ ಕಡೆ ತಲೆ ಎತ್ತಿ ನೋಡಲಿಲ್ಲ.

ಮೇಸ್ತ್ರಿಗೆ ಗೊತ್ತಿತ್ತು. ಅನುಮಾನದ ಬೇರು ಇದ್ದದ್ದು ಅಲ್ಲಿ. ರಕ್ತ ಕೊಟ್ಟು, ಮೊಣಕೈಗೆ ಹತ್ತಿ ಒತ್ತಿಕೊಂಡು ಅವಳು ಲ್ಯಾಬಿನ ಬಾಗಿಲಿನಿಂದ ಹೊರಗೆ ಬಂದಾಗ ಸಾಲಿನಲ್ಲಿ ನಿಂತಿದ್ದ ಅವನು ಅಗಲವಾಗಿ ನಕ್ಕು “ಮೇಡಂ, ನೀವೂನಾ?” ಎಂದಿದ್ದ. ನೀವೂನಾ ಎಂದರೆ ಏನರ್ಥ? ಅವಳು ಉತ್ತರ ಕೊಡದೆ ಮೆಟ್ಟಿಲಿಳಿದಿದ್ದಳು. ಕಾರ್ಖಾನೆಯಲ್ಲಿ ಅವನು ಆ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದೇ ಅವಳಿಗೆ ಹೆಚ್ಚು ಕೊರೆಯಿತು. ಯಾರಿಗೆ ಹೇಳಿರಬಹುದು, ಯಾವ ಸಮಯಕ್ಕೆಂದು ಇಟ್ಟುಕೊಂಡಿದ್ದಾನೆ? ಕ್ಯಾಂಟೀನಿನಲ್ಲಿ ಇಬ್ಬರು ತಲೆ ಹತ್ತಿರ ತಂದು ಮಾತಾಡಿದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು. ಆಮೇಲೆ ಮೂರು ವಾರದ ಹಿಂದೆ ಒಂದು ಬೆಳಗ್ಗೆ ಬಿಸ್ಕತ್ತು ಸಿಹಿಯಾಗಿ ಬಂತು. ಮಾಮೂಲಿನ ಸಿಹಿಯಲ್ಲ, ಹಲ್ಲಿನ ಬುಡಕ್ಕೆ ಹೋಗಿ ಕೂರುವಂಥದು. ಅವಳು ‘ಸಿಹಿ ಹೆಚ್ಚು’ ಎಂದು ಬರೆದು ಸಹಿ ಹಾಕಿದಳು. ಮಾರನೆಯ ದಿನವೂ ಹಾಗೇ. ಒಂಬತ್ತು ಸಲ ಬರೆದಾದ ಮೇಲೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಯಿತು: ಇವನು ಬೇಕೆಂದೇ ಹಾಕುತ್ತಿದ್ದಾನೆ. ನನಗೆ ಸಕ್ಕರೆ ಎಂದು ಗೊತ್ತಿದ್ದೇ, ತಿನ್ನು ಎಂದು ಹಾಕುತ್ತಿದ್ದಾನೆ. ಸಕ್ಕರೆಯ ಪರೀಕ್ಷೆಗೆ ಮಾದರಿಯನ್ನು ಹೊರಗೆ ಕಳಿಸಬೇಕು, ಉತ್ತರ ಬರಲು ತಿಂಗಳು ಬೇಕು. ಅಲ್ಲಿಯವರೆಗೆ ಈ ಕಾರ್ಖಾನೆಯಲ್ಲಿ ನಂಬುವುದು ಅವಳ ನಾಲಿಗೆಯನ್ನು ಮಾತ್ರ. ಅವಳು ಮ್ಯಾನೇಜರನ ಹತ್ತಿರ ಹೋಗಿ, ಮೇಸ್ತ್ರಿ ತೂಕ ಬಿಟ್ಟು ಕೈಯಿಂದ ಸುರಿಯುತ್ತಿದ್ದಾನೆ ಎಂದಳು. ನೋಡಿದ್ದೀರಾ ಎಂದು ಅವನು ಕೇಳಿದ. ನಾಲಿಗೆಗೆ ಕಣ್ಣು ಬೇಕಿಲ್ಲ ಎಂದಳು. ಹಾಗೆ ಹೇಳುವಾಗ ಅವಳಿಗೆ ಖುಷಿಯಾಗಿತ್ತು.

ಒಂಬತ್ತೂವರೆಗೆ ದಿನದ ಮೊದಲ ಮೂರು ಬಿಸ್ಕತ್ತು ಬಂದವು. ಕಲಸುವ ಯಂತ್ರ ಎರಡು ದಿನದಿಂದ ನಿಂತಿತ್ತು, ಇವು ಬೇರೆ ಪಾಳಿಯಿಂದ ಇವತ್ತು ಕರೆಸಿದ ಕಲಸುವವನದು. ಮ್ಯಾನೇಜರ್ ತಾನೇ ಪಕ್ಕದಲ್ಲಿ ನಿಂತು ಸಕ್ಕರೆಯನ್ನು ಎರಡು ಸಲ ತೂಗಿಸಿದ್ದ. ಇವತ್ತು ಇದು ಸರಿಯಿದೆ ಎಂದು ಅವಳು ಬರೆದರೆ ಮುಗಿಯಿತು, ಮೇಸ್ತ್ರಿಯ ಮೇಲಿನ ಆಪಾದನೆ ಸಾಬೀತಾದಂತೆ. ಅವನನ್ನು ಕೆಲಸದಿಂದ ತೆಗೆಯುವ ಕಾಗದವೂ ಟೈಪಾಗಿ ಮ್ಯಾನೇಜರನ ಮೇಜಿನ ಮೇಲಿದೆ, ಅವಳ ಸಹಿಯೊಂದೇ ಬಾಕಿ. ಎಡಗಡೆಯದನ್ನು ಮುರಿದಳು, ಟಕ್ಕೆಂದಿತು, ಒಳ್ಳೆಯ ಸದ್ದು. ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಸಿಹಿ. ಅದೇ ಸಿಹಿ, ಅದೇ ಹಲ್ಲಿನ ಬುಡ. ಉಗಿದು, ಮುಕ್ಕಳಿಸಿ, ನಡುವಿನದನ್ನು ತಿಂದಳು, ಬಲಗಡೆಯದನ್ನು ತಿಂದಳು. ಮೊದಲು ಹೊಳೆದದ್ದು, ಈ ಹೊಸಬ ಮೇಸ್ತ್ರಿಯ ಕಡೆಯವನು ಎಂದು. ಇಬ್ಬರೂ ಒಂದೇ ಬಸ್ಸಿನಲ್ಲಿ ಇಳಿಯುವುದನ್ನು ಅವಳು ನೋಡಿರಲಿಲ್ಲವೇ? ಆದರೆ ಮ್ಯಾನೇಜರ್ ಪಕ್ಕದಲ್ಲೇ ಇದ್ದನಲ್ಲ. ಹಾಗಾದರೆ ಮ್ಯಾನೇಜರನೂ ಸೇರಿಕೊಂಡಿದ್ದಾನೆಯೇ ಎಂದು ಯೋಚಿಸಿದಾಗ ಅವಳಿಗೇ ನಗು ಬಂತು. ನಗು ಬಂದದ್ದರಿಂದ ಭಯವಾಯಿತು.

ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಪ್ರತಿ ಬ್ಯಾಚಿನ ಒಂದು ಪೊಟ್ಟಣವನ್ನು ಆರು ತಿಂಗಳು ಅದರಲ್ಲಿ ಇಡುವುದು ಪದ್ಧತಿ, ಗಿರಾಕಿಗಳಿಂದ ದೂರು ಬಂದರೆ ತೆಗೆದು ನೋಡಲು. ಪೊಟ್ಟಣದ ಮೇಲೆ ತಾರೀಖು, ಅವಳ ಅಭಿಪ್ರಾಯ, ಅವಳ ಸಹಿ. ಕೀ ಅವಳ ಹತ್ತಿರ ಮಾತ್ರ. ಇಷ್ಟು ದಿನ ಯಾಕೆ ತೆರೆಯಲಿಲ್ಲ ಎಂದು ಕೇಳುವವರು ಯಾರೂ ಅಲ್ಲಿರಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ. ಕೈ ತಾನಾಗಿ ಕೆಳಗಿನ ಅರೆಗೆ ಹೋಯಿತು. ನಾಲ್ಕು ತಿಂಗಳ ಹಿಂದಿನದು, ರಕ್ತ ಪರೀಕ್ಷೆಗಿಂತ ಆರು ವಾರ ಮೊದಲಿನದು. ‘ಸರಿ ಇದೆ’ ಎಂದು ದುಂಡಗೆ ಬರೆದು, ಸಹಿಯ ಬಾಲವನ್ನು ಗತ್ತಿನಿಂದ ಎಳೆದಿದ್ದಳು. ಹರಿದಳು. ಹಳತಾದ ಬಿಸ್ಕತ್ತಿಗೆ ಎಣ್ಣೆಯ ಮುಗ್ಗಲು ವಾಸನೆ ಬರುತ್ತದೆ, ಗರಿಗರಿ ಹೋಗುತ್ತದೆ, ಆದರೆ ಇಟ್ಟಲ್ಲೇ ಯಾವ ಬಿಸ್ಕತ್ತೂ ಸಿಹಿ ಹೆಚ್ಚಿಸಿಕೊಳ್ಳುವುದಿಲ್ಲ. ಇದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಇರಲಿಲ್ಲ. ಬಾಯಿಗಿಟ್ಟಳು. ಇನ್ನೊಂದನ್ನು ಇಟ್ಟಳು. ಅದೇ ಸಿಹಿ. ಇನ್ನೊಂದು ಪೊಟ್ಟಣ, ಅದಕ್ಕಿಂತ ಹಿಂದಿನದು, ಅದನ್ನೂ ಹರಿದಳು. ಉಗಿಯಬೇಕೆಂಬುದು ಮರೆತೇ ಹೋಯಿತು.

ಕುರ್ಚಿಯಲ್ಲಿ ಕೂತಳು. ಹತ್ತು ವಾರ ಸಕ್ಕರೆ ಬಿಟ್ಟ ನಾಲಿಗೆ ಬೇರೆಯಾಗಿಬಿಟ್ಟಿದೆ. ಹಾಲಿನಲ್ಲಿ ಸಿಹಿ ಕಂಡಾಗಲೇ, ಸೌತೆಕಾಯಿ ಸಿಹಿ ಇದೆ ಎಂದು ಗಂಡನಿಗೆ ಹೇಳಿದಾಗಲೇ ತಿಳಿಯಬೇಕಿತ್ತು. ತಿಳಿದಿತ್ತೋ ಏನೋ. ತಿಳಿದೂ ಮೇಸ್ತ್ರಿಯ ಹಿಂದೆ ಬಿದ್ದೆನೋ ಏನೋ. ಆಗಿನ ನಾಲಿಗೆ ಮಂಕಾಗಿತ್ತು, ಈಗ ಚುರುಕಾಗಿದೆ, ಡಾಕ್ಟರು ಕೇಳಿದರೆ ಭೇಷ್ ಎನ್ನುತ್ತಾಳೆ. ಆದರೆ ಕಾರ್ಖಾನೆಗೆ ಬೇಕಾದದ್ದು ಆ ಮಂಕು ನಾಲಿಗೆ. ಊರಿನ ಬಾಯಿಗೆಲ್ಲ ಒಪ್ಪುವ ಸಿಹಿಯನ್ನು ಒಪ್ಪುವ ನಾಲಿಗೆ. ಬೆಂಚಿನ ಮೇಲಿನ ಆ ಎರಡು ಕೈಗಳು ಕಣ್ಣ ಮುಂದೆ ಬಂದವು. ಅವನ್ನು ತಳ್ಳಿ ಇನ್ನೊಂದು ಯೋಚನೆ ಬಂತು, ಮೆಲ್ಲಗೆ, ಬಲು ಸಮಾಧಾನದಿಂದ. ಯಾರಿಗೂ ಗೊತ್ತಿಲ್ಲ. ಹರಿದ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಂಡರಾಯಿತು. ಇವತ್ತಿನದಕ್ಕೆ ‘ಸರಿ ಇದೆ’ ಎಂದು ಬರೆದರಾಯಿತು. ನಾಳೆಯಿಂದ ಬಾಯಿಗೆ ಬಂದ ಸಿಹಿಯಲ್ಲಿ ಇಷ್ಟು ಕಳೆದು ಹೇಳುವುದನ್ನು ಅಭ್ಯಾಸ ಮಾಡಿಕೊಂಡರಾಯಿತು, ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಜನ ಮನಸ್ಸಿನಲ್ಲೇ ಕಳೆದುಕೊಳ್ಳುವುದಿಲ್ಲವೇ, ಹಾಗೆ. ಮೇಸ್ತ್ರಿಗೆ ಇನ್ನೆಲ್ಲಾದರೂ ಕೆಲಸ ಸಿಕ್ಕೀತು, ಮೈಯಲ್ಲಿ ಕಸುವಿದೆ. ಅವಳಿಗೆ ಸಿಗುವುದಿಲ್ಲ. ಅಭಿಪ್ರಾಯ ಬರೆಯುವ ಪುಸ್ತಕ ಎಳೆದುಕೊಂಡು ‘ಸರಿ’ ಎಂದು ಬರೆದೂ ಬರೆದಳು. ಅಕ್ಷರ ಮೊದಲಿನಷ್ಟೇ ದುಂಡಗಿತ್ತು. ಪುಸ್ತಕ, ಚೀಲ ಎರಡನ್ನೂ ಎತ್ತಿಕೊಂಡು ಮ್ಯಾನೇಜರನ ಕೋಣೆಗೆ ಹೋದಳು.

ಮ್ಯಾನೇಜರ್ ಫೋನಿನಲ್ಲಿದ್ದ, ಕೂರಿ ಎಂದು ಕೈ ಮಾಡಿದ. ಮೇಜಿನ ಮೇಲೆ ಟೈಪು ಮಾಡಿದ ಕಾಗದ, ಅದರ ಮೇಲೆ ಪೆನ್ನು, ಮುಚ್ಚಳ ತೆಗೆದೇ ಇಟ್ಟದ್ದು. ಎಷ್ಟು ಅವಸರ ಇವನಿಗೆ, ಎಂದು ಅವಳಿಗೆ ಅನುಮಾನವಾಯಿತು. ಅಭ್ಯಾಸ, ಹೋಗುವಂಥದಲ್ಲ.

“ಮುಗಿಸಿಬಿಡೋಣ ಮೇಡಂ” ಎಂದ ಫೋನಿಟ್ಟು. “ನಂಗೂ ಬೇಜಾರೇ. ಒಳ್ಳೆ ಕೆಲಸಗಾರ. ಮೂರು ದಿನದಿಂದ ಕೇಳಿ ಕೇಳಿ ಸಾಕಾಯ್ತು, ಒಂದೇ ಮಾತು ಅವನದು.”

“ಏನಂತೆ?”

“ಮೇಡಂ ಜಾಸ್ತಿ ಅಂದ್ರೆ ಜಾಸ್ತಿನೇ ಇರುತ್ತೆ ಸಾರ್, ಅವರ ಬಾಯಿ ತಪ್ಪಲ್ಲ, ತಕ್ಕಡಿ ಏನೋ ಕೆಟ್ಟಿರ್ಬೇಕು ನೋಡ್ಸಿ, ಅಂತಾನೆ. ತಕ್ಕಡಿ ಎರಡು ಸಲ ನೋಡ್ಸಿದೆ. ಸರಿಯಾಗೇ ಇದೆ. ಹೇಳಿದ್ರೆ, ಹಾಗಾದ್ರೆ ನನ್ನ ಕೈಯೇ ತಪ್ಪಿರ್ಬೇಕು, ವಯಸ್ಸಾಯ್ತಲ್ಲ, ಅಂತಾನೆ. ಬೇಕಂತ ಮಾಡಿದೀಯಾ ಅಂತ ಕೇಳಿದ್ರೆ ಮಾತ್ರ ಸುಮ್ನೆ ಕೂರ್ತಾನೆ.”

ಮೇಸ್ತ್ರಿ ಲ್ಯಾಬಿನ ಸಾಲಿನಲ್ಲಿ ಅವಳನ್ನು ನೋಡಿದ್ದ. ಮೇಡಂಗೆ ಸಕ್ಕರೆ, ಅವರ ನಾಲಿಗೆ ನಂಬಬೇಡಿ ಎಂದು ಒಂದೇ ಮಾತು ಹೇಳಿದ್ದರೆ ಅವತ್ತೇ ಬಚಾವಾಗುತ್ತಿದ್ದ. ಹೇಳುವುದಿರಲಿ, ಅವನಿಗೆ ಆ ಯೋಚನೆಯೇ ಬಂದಿಲ್ಲ. ತನ್ನ ಇಪ್ಪತ್ತೆರಡು ವರ್ಷದ ಕೈಯನ್ನು ಅನುಮಾನಿಸಿಕೊಂಡು ಕೂತಿದ್ದಾನೆ. ಅವಳಿಗೆ ಅಳು ಬಂತು, ಅದನ್ನು ನುಂಗಿದಳು, ಬಾಯಲ್ಲಿ ಇನ್ನೂ ಸಿಹಿಯಿತ್ತು.

“ಮೇಸ್ತ್ರಿದು ತಪ್ಪಿಲ್ಲ” ಎಂದಳು.

“ಅಂದ್ರೆ?”

“ಹಳೇ ಪೊಟ್ಟಣ ತೆಗೆದು ತಿಂದೆ. ಅವೂ ಸಿಹಿಯಾಗೇ ಇವೆ. ಬಿಸ್ಕತ್ತು ಬದಲಾಗಿಲ್ಲ. ನನ್ನ ಬಾಯಿ ಬದಲಾಗಿದೆ.”

ಮ್ಯಾನೇಜರ್ ಕುರ್ಚಿಗೆ ಒರಗಿ ಅವಳನ್ನೇ ನೋಡಿದ. ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಇವತ್ತಿನ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲಿ ಸರಿ ಅಂತ ಬರೆದಿದೀರಲ್ಲ. ಈಗ ಹತ್ತು ನಿಮಿಷದ ಹಿಂದೆ.”

“ಸುಳ್ಳು ಬರೆದೆ.”

“ಮೇಡಂ,” ಅವನ ದನಿ ಇಳಿಯಿತು, ಮೃದುವೂ ಆಯಿತು, “ಅವನ ಮನೆಯವರು ಯಾರಾದ್ರೂ ಬಂದು ನಿಮ್ಮ ಕಾಲು ಹಿಡಿದ್ರಾ? ಇಲ್ಲ ಹೊರಗಡೆ ನಿಮ್ಮನ್ನ ಹೆದ್ರಿಸಿದ್ನಾ? ಹೇಳಿ, ನನ್ನ ಹತ್ರ ಮುಚ್ಚಿಡ್ಬೇಡಿ. ಇಪ್ಪತ್ತಾರು ವರ್ಷ ತಪ್ಪದ ನಾಲಿಗೆ ಮೂರು ವಾರದಲ್ಲಿ ಕೆಟ್ಟೋಯ್ತು ಅಂದ್ರೆ ಯಾರು ನಂಬ್ತಾರೆ?”

ಅವನ ಕಣ್ಣುಗಳನ್ನು ಅವಳು ಗುರುತು ಹಿಡಿದಳು. ತಾನು ಗಂಡನನ್ನು, ಡಾಕ್ಟರನ್ನು, ಮೇಸ್ತ್ರಿಯನ್ನು ನೋಡಿದ್ದು ಹೀಗೇ. ಇನ್ನು ಎಷ್ಟು ಮಾತಾಡಿದರೂ ಪ್ರತಿ ಮಾತಿಗೂ ಹಿಂದೊಂದು ಕಾರಣ ಹುಡುಕುತ್ತಾನೆ. ಚೀಲದಲ್ಲಿ ಕೈ ಹಾಕಿ, ಹರಿದ ಪೊಟ್ಟಣ ಸರಿಸಿ, ಡಬ್ಬಿ ಸರಿಸಿ, ನಾಲ್ಕು ಮಡಿಕೆಯ ಕಾಗದವನ್ನು ತೆಗೆದು ಬಿಡಿಸಿ, ಟೈಪು ಮಾಡಿದ ಕಾಗದದ ಮೇಲೆ ಇಟ್ಟಳು.

“ಹತ್ತು ವಾರದಿಂದ ಸಕ್ಕರೆ ಮುಟ್ಟಿಲ್ಲ. ಅದಕ್ಕೆ ಹೀಗಾಗಿದೆ. ಇನ್ಮೇಲೂ ಮುಟ್ಟೋ ಹಾಗಿಲ್ಲ.”

ಅವನು ಓದಿದ. ಸುತ್ತು ಬರೆದ ಅಂಕಿಯ ಮೇಲೆ ಕಣ್ಣು ನಿಂತಿತು. ಓದಿ ಮುಗಿಸಿ, ಮೇಜಿನ ಮೇಲೆ ಬಂದವರಿಗೆಂದು ಸದಾ ಇರುತ್ತಿದ್ದ ಬಿಸ್ಕತ್ತಿನ ತಟ್ಟೆಯನ್ನು ಅವಳ ಮುಂದಿನಿಂದ ಎತ್ತಿ ತನ್ನ ಹಿಂದಿನ ಕಪಾಟಿನ ಮೇಲೆ ಇಟ್ಟ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಅವಳಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಹತ್ತು ವಾರ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದು ಈ ಒಂದು ಕ್ಷಣ ಬಾರದಿರಲಿ ಎಂದು. ಬಂತು, ಮತ್ತು ಎರಡೇ ಸೆಕೆಂಡಿನಲ್ಲಿ ಮುಗಿದುಹೋಯಿತು.

“ಆರೋಗ್ಯ ನೋಡ್ಕೊಳ್ಳಿ ಮೇಡಂ. ಕುರ್ಚಿ ವಿಷಯ ಮೇಲಿನವರ ಹತ್ರ ಮಾತಾಡ್ತೀನಿ. ಪ್ಯಾಕಿಂಗಲ್ಲಿ ಏನಾದ್ರೂ...” ಎಂದು ಅರ್ಧಕ್ಕೆ ನಿಲ್ಲಿಸಿ, ಟೈಪು ಮಾಡಿದ ಕಾಗದವನ್ನು ಎರಡಾಗಿ ಹರಿದು, ಮೇಸ್ತ್ರಿಗೆ ಹೇಳಿಕಳಿಸಿದ.

ಮೇಸ್ತ್ರಿ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ಕಿವಿಯ ಹತ್ತಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದ. ಮ್ಯಾನೇಜರ್ “ಹೋಗಪ್ಪಾ, ಕೆಲಸಕ್ಕೆ ಹೋಗು. ಏನೋ ತಪ್ಪು ತಿಳುವಳಿಕೆ ಆಗಿತ್ತು” ಎಂದ. ಮೇಸ್ತ್ರಿ ಅಲ್ಲಾಡಲಿಲ್ಲ.

“ಕೈ ತಪ್ಪಿರ್ಲಿಲ್ವಾ ಸಾರ್?”

“ಇಲ್ಲ.”

“ತಕ್ಕಡಿ?”

“ಅದೂ ಸರಿಯಾಗಿದೆ.”

ಉಳಿದದ್ದು ಒಂದೇ ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಅವಳ ಕಡೆ ತಿರುಗಿದ. ಅವಳು ಎದ್ದು ನಿಂತಳು. ಅವನು ಬೈದರೆ ಬೈಸಿಕೊಳ್ಳುವುದು, ಇರಲಿ ಬಿಡಿ ಎಂದರೆ ತಲೆ ಬಗ್ಗಿಸುವುದು, ಎರಡಕ್ಕೂ ಸಿದ್ಧವಾಗಿದ್ದಳು. ಅವನು ಎರಡನ್ನೂ ಮಾಡಲಿಲ್ಲ. ದನಿ ಏರಿಸದೆ, ಕೆಲಸದ ಮಾತು ಆಡುವವನ ಹಾಗೆ ಹೇಳಿದ.

“ಇಪ್ಪತ್ತೆರಡು ವರ್ಷ ಮೇಡಂ. ದಿನಾ ಬೆಳಗ್ಗೆ ನಿಮ್ಮ ಬಾಗಿಲ ಮುಂದೇನೇ ಹೋಗ್ತಿದ್ದೆ. ಒಂದ್ ಮಾತು ನನ್ನನ್ನೇ ಕೇಳ್ಬೋದಿತ್ತು, ಜಾಸ್ತಿ ಹಾಕ್ತಿದೀಯೇನೋ ಅಂತ.”

ಹತ್ತಿಯನ್ನು ಮತ್ತೆ ಕಿವಿಗಿಟ್ಟುಕೊಂಡು ಅವನು ಯಂತ್ರದ ಹಾಲಿನ ಕಡೆ ಹೊರಟುಹೋದ. ಕೇಳಬಹುದಿತ್ತು, ನಿಜ. ಇಲ್ಲ ಮೇಡಂ ಎಂದು ಅವನು ಹೇಳುತ್ತಿದ್ದ, ಅದೂ ನಿಜ. ಆಗ ಅವನ ಮುಖವನ್ನು ಚೆನ್ನಾಗಿ ನೋಡಿ, ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ ಎಂದುಕೊಂಡು ಅವಳು ತನ್ನ ಕೋಣೆಗೆ ಹೋಗುತ್ತಿದ್ದಳು.